ಓದುಗರ ಪ್ರಶ್ನೆ: ಆವಲಾನ್‌ನ ಟ್ಯೂನಾ ಕ್ಲಬ್ ಮತ್ತು ತೆಳು ನೂಲಿನ ನಿಯಮ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಕ್ಯಾಟಲಿನಾ ದ್ವೀಪವನ್ನು ನೋಡಿ ಬಂದೆವು. ಅಲ್ಲಿನ ಆವಲಾನ್ ಎಂಬ ಸಣ್ಣ ಊರಿನಲ್ಲಿ, ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮರದ ಮನೆಯೊಂದಿದೆ. ಅದು ಟ್ಯೂನಾ ಕ್ಲಬ್ ಎಂದೂ, ಅದರ ಸದಸ್ಯರು ಬೇಕೆಂದೇ ತೆಳುವಾದ ನೂಲಿನಲ್ಲಿ ಗಾಳ ಹಾಕುತ್ತಾರೆಂದೂ ಮಗಳು ಹೇಳಿದಳು. ನಮ್ಮದು ತಲೆತಲಾಂತರದಿಂದ ಕಡಲನ್ನೇ ನಂಬಿದ ಮನೆ. ಮೀನು ಸಲೀಸಾಗಿ ಸಿಗಲಿ ಎಂದು ನಾವು ಹರಕೆ ಹೊರುತ್ತೇವೆ. ಸಿಗುವುದು ಕಷ್ಟವಾಗಲಿ ಎಂದು ನಿಯಮ ಮಾಡಿಕೊಂಡವರದ್ದು ಉಳ್ಳವರ ಆಟವಲ್ಲದೆ ಮತ್ತೇನು? (ಕುಂದಾಪುರದ ಓದುಗರು)

ಉತ್ತರ: ಉಳ್ಳವರ ಆಟ ಎಂಬ ತಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕ್ಲಬ್ಬಿನ ಸದಸ್ಯರಲ್ಲಿ ಹೆಚ್ಚಿನವರು ಹಣವಂತರೇ ಆಗಿದ್ದರು. ಆದರೆ ಆ ನಿಯಮ ಹುಟ್ಟಿದ ಸಂದರ್ಭವನ್ನು ತಿಳಿದರೆ ತಮ್ಮಂಥ ಮನೆಯವರಿಗೇ ಅದು ಬೇಗ ಅರ್ಥವಾದೀತು ಎಂದು ನನ್ನ ನಂಬಿಕೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಯಾಟಲಿನಾಕ್ಕೆ ಬರುತ್ತಿದ್ದ ಪ್ರವಾಸಿಗರು ದಪ್ಪ ಹುರಿಯ ಕೈಗಾಳಗಳನ್ನು ದೋಣಿಯಿಂದ ಇಳಿಬಿಟ್ಟು, ಯೆಲ್ಲೋಟೇಲ್ ಮುಂತಾದ ದೊಡ್ಡ ಮೀನುಗಳನ್ನು ಒಂದರ ಹಿಂದೊಂದು ಎಳೆದು ಹಾಕುತ್ತಿದ್ದರು. ಅಷ್ಟು ಮೀನನ್ನು ತಿನ್ನುವವರೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಹಿಡಿದದ್ದರಲ್ಲಿ ಬಹುಪಾಲು ಬಿಸಾಡಿ ಹೋಗುತ್ತಿತ್ತು. ಬುಟ್ಟಿಯ ತಳದಲ್ಲಿ ಉಳಿದ ನಾಲ್ಕು ಬೂತಾಯಿಯನ್ನೂ ಒಣಗಿಸಿ ಮಳೆಗಾಲಕ್ಕೆ ಎತ್ತಿಡುವ ಮನೆಯವರಿಗೆ ಈ ದೃಶ್ಯ ಎಷ್ಟು ಹೇಸಿಗೆ ತರಿಸುತ್ತದೆಂದು ನಾನು ಹೇಳಬೇಕಾಗಿಲ್ಲ. ಇದನ್ನು ಕಂಡು ನೊಂದವರಲ್ಲಿ ಮುಖ್ಯರಾದವರು ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬ ನಿಸರ್ಗ ವಿಜ್ಞಾನಿ. 1898ರ ಜೂನ್ 1ರಂದು ಅವರು ಕೋಲು ಮತ್ತು ರಾಟೆಯ ಗಾಳದಿಂದ 183 ಪೌಂಡ್, ಎಂದರೆ ಸುಮಾರು 83 ಕಿಲೋ ತೂಗುವ ಬ್ಲೂಫಿನ್ ಟ್ಯೂನಾ ಒಂದನ್ನು ಹಿಡಿದರು. ಮೀನು ಅವರ ದೋಣಿಯನ್ನೇ ಮೈಲುಗಟ್ಟಲೆ ಎಳೆದುಕೊಂಡು ಹೋಗಿತ್ತು, ಅದು ಸೋಲುವ ಹೊತ್ತಿಗೆ ಮೂರೂವರೆ ಗಂಟೆಗೂ ಹೆಚ್ಚು ಕಾಲ ಕಳೆದಿತ್ತು. ಅದೇ ವರ್ಷ ಅವರು ಗೆಳೆಯರನ್ನು ಕೂಡಿಸಿಕೊಂಡು ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದರು.

ಕ್ಲಬ್ಬಿನ ನಿಯಮಗಳು ಕಟ್ಟುನಿಟ್ಟಾಗಿದ್ದವು. ದೊಡ್ಡ ಟ್ಯೂನಾಕ್ಕೂ ಅಗಸೆ ನಾರಿನ 24 ಎಳೆಯ ನೂಲನ್ನು ಮೀರುವಂತಿರಲಿಲ್ಲ. ಮೀನನ್ನು ಕೊಕ್ಕೆಯ ಅಳತೆಗೆ ತರುವವರೆಗೂ ಗಾಳ ಹಿಡಿದವನಿಗೆ ಬೇರೆ ಯಾರೂ ಕೈ ಹಚ್ಚಬಾರದು. ಕೋಲು ಮುರಿದರೆ, ಮೀನು ದೋಣಿಗೆ ಬಂದಿದ್ದರೂ ಅದು ಲೆಕ್ಕಕ್ಕಿಲ್ಲ. ಈ ನಿಯಮಗಳ ಪ್ರಕಾರ 100 ಪೌಂಡಿಗಿಂತ ಹೆಚ್ಚು ತೂಕದ ಟ್ಯೂನಾ ಹಿಡಿದವರಿಗೆ ಸಿಗುತ್ತಿದ್ದದ್ದು ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ನೀಲಿ ಗುಂಡಿ, ಅಷ್ಟೇ. ಮುಂದೆ ಇದಕ್ಕಿಂತಲೂ ಹಗುರವಾದ ‘ತ್ರೀ-ಸಿಕ್ಸ್’ ಎಂಬ ವರ್ಗ ಬಂತು. ಅದರಲ್ಲಿ ಕೋಲಿನ ಉದ್ದ 6 ಅಡಿ, ತೂಕ 6 ಔನ್ಸ್, ನೂಲು 6 ಎಳೆ. ಆರು ಎಳೆಯ ನೂಲಿನಲ್ಲಿ ಮೀನು ಹಿಡಿಯುವವನು ದಿನಕ್ಕೆ ಒಂದು ಮೀನು ತಂದರೆ ದೊಡ್ಡದು. ಹಿಡಿಯುವ ಲೆಕ್ಕವನ್ನು ಕಡಿಮೆ ಮಾಡುವುದಕ್ಕೆ ಹಿಡಿಯುವ ಸಾಧನವನ್ನೇ ದುರ್ಬಲಗೊಳಿಸಿದರು. ನಿಯಮದ ತಿರುಳು ಇದೇ.

ಆ ನೂಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಗಸೆ ನಾರಿನ ನೂಲು ಒದ್ದೆಯಾದಾಗ ಗಟ್ಟಿ, ಆದರೆ ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಆದ್ದರಿಂದ ದಡಕ್ಕೆ ಬಂದ ಮೇಲೆ ರಾಟೆಯಿಂದ ನೂರಾರು ಗಜ ನೂಲನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಗಾಳಿಗೆ ಹರವಿ, ಮತ್ತೆ ಸುತ್ತಬೇಕಿತ್ತು. ನೈಲಾನ್ ಬರುವ ಮೊದಲು ನಮ್ಮ ಕರಾವಳಿಯಲ್ಲಿ ಹತ್ತಿಯ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಹಾಕುತ್ತಿದ್ದುದನ್ನು ತಮ್ಮ ಮನೆಯ ಹಿರಿಯರು ಕಂಡಿರಬಹುದು. ಇನ್ನು ಆ ಕಾಲದ ರಾಟೆಗೆ ಈಗಿನಂತೆ ತಡೆ ಇರಲಿಲ್ಲ. ಮೀನು ಓಡಿದರೆ ರಾಟೆಯ ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿನ ಗೆಣ್ಣುಗಳಿಗೆ ಬಡಿಯುತ್ತಿತ್ತು, ಓಟವನ್ನು ತಡೆಯಲು ಸುತ್ತಿದ ನೂಲಿನ ಮೇಲೆ ಚರ್ಮದ ತುಂಡೊಂದನ್ನಿಟ್ಟು ಹೆಬ್ಬೆರಳಿನಿಂದ ಒತ್ತಬೇಕಿತ್ತು. ಬಾಲ್ಯದಲ್ಲಿ ಗಂಗೊಳ್ಳಿಯ ಅಳಿವೆಯಲ್ಲಿ ಬರಿಗೈಯಲ್ಲಿ ಗಾಳದ ನೂಲು ಹಿಡಿದು ಬೆರಳು ಕುಯ್ದುಕೊಂಡ ನನಗೆ ಆ ಚರ್ಮದ ತುಂಡಿನ ಬೆಲೆ ಚೆನ್ನಾಗಿ ಗೊತ್ತು. ಒಳಗೇ ತಡೆಯಿರುವ ರಾಟೆಯನ್ನು 1913ರ ಹೊತ್ತಿಗೆ ರೂಪಿಸಿದವರಲ್ಲಿ ಇದೇ ಕ್ಲಬ್ಬಿನ ವಿಲಿಯಂ ಬೋಶೆನ್ ಒಬ್ಬರು. ಅದೇ ವರ್ಷ ಅವರು ಕೋಲು-ರಾಟೆಯಿಂದ ಮೊತ್ತಮೊದಲ ಅಗಲಮೂತಿಯ ಕತ್ತಿಮೀನನ್ನು ಹಿಡಿದರು. ಅದರ ತೂಕ 355 ಪೌಂಡ್.

ತಾವು ನೋಡಿದ ಕಟ್ಟಡ ಮೊದಲಿನದಲ್ಲ. 1915ರ ನವೆಂಬರಿನಲ್ಲಿ ಆವಲಾನ್‌ಗೆ ಬೆಂಕಿ ಬಿದ್ದು ಅರ್ಧ ಊರು ಸುಟ್ಟುಹೋದಾಗ ಕ್ಲಬ್ ಕೂಡ ಬೂದಿಯಾಯಿತು. ಈಗಿನದು 1916ರಲ್ಲಿ ಕಟ್ಟಿದ್ದು.

ಪ್ರಶ್ನೆ: ಗಾಳಿಪಟ ಹಾರಿಸಿ ಟ್ಯೂನಾ ಹಿಡಿಯುವ ಪದ್ಧತಿ ಆವಲಾನ್‌ನಲ್ಲಿತ್ತು ಎಂದು ಕೇಳಿದ್ದೇನೆ. ಇದು ನಿಜವೇ? ಹೇಗೆ ಸಾಧ್ಯ? (ಭಟ್ಕಳದ ಓದುಗರು)

ಉತ್ತರ: ನಿಜ. ಇದನ್ನು ಅಲ್ಲಿ ಬಳಕೆಗೆ ತಂದವರು ಜಾರ್ಜ್ ಫಾರ್ನ್ಸ್‌ವರ್ತ್ ಎಂಬ ದೋಣಿಯ ಕಪ್ತಾನರು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಟ್ಯೂನಾ ದೋಣಿಯ ಸದ್ದಿಗೆ ಬೆದರುತ್ತಿತ್ತು, ಹತ್ತಿರ ಹೋದರೆ ಹಿಂಡು ಮುಳುಗಿಬಿಡುತ್ತಿತ್ತು. ಫಾರ್ನ್ಸ್‌ವರ್ತ್ ದೋಣಿಯಿಂದ ಗಾಳಿಪಟ ಏರಿಸಿ, ಪಟದ ದಾರಕ್ಕೆ ಗಾಳದ ನೂಲನ್ನು ಸುಲಭವಾಗಿ ಹರಿಯುವ ಎಳೆಯಿಂದ ಕಟ್ಟಿದರು. ಗಾಳಕ್ಕೆ ಚುಚ್ಚಿದ ಹಾರುಮೀನು ದೋಣಿಯಿಂದ ಬಹುದೂರದಲ್ಲಿ ಪಟದಿಂದ ನೇತಾಡುತ್ತ, ಅಲೆಯಿಂದ ಅಲೆಗೆ ಕುಪ್ಪಳಿಸುವಂತೆ ನೀರನ್ನು ಮುಟ್ಟಿ ಏಳುತ್ತಿತ್ತು. ನೀರಿನಲ್ಲಿ ನೂಲಿನ ಗೆರೆಯೂ ಇಲ್ಲ, ದೋಣಿಯ ನೆರಳೂ ಇಲ್ಲ. ಟ್ಯೂನಾ ಎರಗಿದೊಡನೆ ಕಟ್ಟಿದ ಎಳೆ ಹರಿದು, ಮೀನು ನೇರವಾಗಿ ಕೋಲಿನವನ ಪಾಲಿಗೆ ಬರುತ್ತಿತ್ತು. ಇಂಡೋನೇಷ್ಯಾ ಮತ್ತು ಸಾಲೊಮನ್ ದ್ವೀಪಗಳ ಮೀನುಗಾರರು ಎಲೆಯಿಂದ ಮಾಡಿದ ಪಟಗಳಲ್ಲಿ ಇಂಥದೇ ಉಪಾಯವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬಯಸುತ್ತೇನೆ. ಗೋಡೆಯ ಮೇಲೆ ಬರೆಯುತ್ತಿದ್ದುದು ಕೋಲು ಹಿಡಿದ ಸದಸ್ಯನ ಹೆಸರಾದರೂ, ಹಿಂಡು ಎಲ್ಲಿದೆ, ನೀರು ಯಾವ ಕಡೆಗೆ ಎಳೆಯುತ್ತಿದೆ, ಯಾವ ಗಳಿಗೆಯಲ್ಲಿ ದೋಣಿ ತಿರುಗಿಸಬೇಕು ಎಂಬುದೆಲ್ಲ ದೋಣಿ ನಡೆಸುವವರ ತಿಳಿವಳಿಕೆಯಾಗಿತ್ತು. ಬೋಶೆನ್ ಅವರ ಕತ್ತಿಮೀನಿನ ದಿನವೂ ದೋಣಿಯಲ್ಲಿದ್ದವರು ಫಾರ್ನ್ಸ್‌ವರ್ತ್ ಅವರೇ. ಆ ಸಣ್ಣ ಊರಿನ ದೋಣಿಯವರಿಲ್ಲದಿದ್ದರೆ ಕ್ಲಬ್ಬೂ ಇರುತ್ತಿರಲಿಲ್ಲ, ದಾಖಲೆಗಳೂ ಇರುತ್ತಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ನಿಯಮ ಮಾಡಿಕೊಂಡ ಮೇಲೆ ಅಲ್ಲಿ ಟ್ಯೂನಾ ಉಳಿಯಿತೇ? ನಮ್ಮ ಊರಿನ ಯುವಕರೂ ಅಳಿವೆಯಲ್ಲಿ ಗಾಳದ ಸಂಘ ಮಾಡಬೇಕೆಂದಿದ್ದಾರೆ. ಸಲಹೆ ನೀಡಿ. (ಹೊನ್ನಾವರದ ಓದುಗರು)

ಉತ್ತರ: ಕ್ಲಬ್ಬಿನ ನಿಯಮದಿಂದ ಟ್ಯೂನಾ ಉಳಿಯಲಿಲ್ಲ. ಉಳಿಯುವುದು ಸಾಧ್ಯವೂ ಇರಲಿಲ್ಲ. ಪೆಸಿಫಿಕ್ ಬ್ಲೂಫಿನ್ ಮೊಟ್ಟೆಯಿಡುವುದು ಜಪಾನ್ ಮತ್ತು ತೈವಾನ್ ಸುತ್ತಲಿನ ನೀರಿನಲ್ಲಿ. ಮರಿಗಳಲ್ಲಿ ಕೆಲವು ಇಡೀ ಮಹಾಸಾಗರವನ್ನು ದಾಟಿ ಕ್ಯಾಲಿಫೋರ್ನಿಯಾದ ಕಡೆ ಬಂದು, ಕೆಲವು ವರ್ಷ ಮೇದು ಬೆಳೆದು, ಮೊಟ್ಟೆಯಿಡಲು ಮತ್ತೆ ಪಶ್ಚಿಮಕ್ಕೆ ಮರಳುತ್ತವೆ. ಇಂಥ ಮೀನಿಗೆ ಒಂದು ದ್ವೀಪದ ಶಿಸ್ತು ಎಷ್ಟರ ರಕ್ಷಣೆ? ಎರಡೂ ದಡಗಳಲ್ಲಿ ದೊಡ್ಡ ಬಲೆಗಳ ಮೀನುಗಾರಿಕೆ ಬೆಳೆದು, ಮರಿ ಮೀನುಗಳೇ ಹೇರಳವಾಗಿ ಬಲೆಗೆ ಬಿದ್ದು, 2010ರ ಆಸುಪಾಸಿನಲ್ಲಿ ಮೊಟ್ಟೆಯಿಡುವ ಮೀನಿನ ಪ್ರಮಾಣ ಮೀನುಗಾರಿಕೆಯೇ ಇಲ್ಲದಿದ್ದರೆ ಇರಬೇಕಾದುದರ ಶೇ. 2ರಷ್ಟಕ್ಕೆ ಕುಸಿದಿತ್ತು. ಆಮೇಲೆ ದೇಶಗಳು ಒಟ್ಟಿಗೆ ಕುಳಿತು ಹಿಡಿಯುವ ಮಿತಿಯನ್ನು ಕಡಿತಗೊಳಿಸಿದವು. ಗಾಳದ ಹವ್ಯಾಸಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 10 ಇದ್ದ ಮಿತಿಯನ್ನು 2015ರಲ್ಲಿ 2ಕ್ಕೆ ಇಳಿಸಲಾಯಿತು. 2024ರಲ್ಲಿ ಪ್ರಕಟವಾದ ಅಂದಾಜಿನಂತೆ ಆ ಪ್ರಮಾಣ ಶೇ. 23ನ್ನು ದಾಟಿದೆ. ಈ ಚೇತರಿಕೆ ನನಗೆ ನಿಜವಾಗಿಯೂ ಸಂತೋಷ ತಂದ ಸುದ್ದಿ.

ತಮ್ಮ ಯುವಕರ ವಿಷಯ. ಸಂಘವನ್ನು ನೋಂದಾಯಿಸುವುದು ಕಷ್ಟದ ಕೆಲಸವಲ್ಲ, ಅದು ಆಮೇಲಾದರೂ ಆದೀತು. ಮೊದಲು ಶರಾವತಿಯ ಅಳಿವೆಯಲ್ಲಿ ಬಲೆ ಬಿಟ್ಟು, ಚಿಪ್ಪು ಹೆಕ್ಕಿ ಬದುಕುವವರ ಜೊತೆ ಕುಳಿತು, ಯಾವ ಜಾಗ ಮತ್ತು ಯಾವ ಹೊತ್ತು ಅವರದ್ದು ಎಂದು ಕೇಳಿ, ಅದನ್ನು ಬಿಟ್ಟು ಉಳಿದದ್ದರಲ್ಲಿ ಗಾಳ ಹಾಕಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ದಡ ಸೇರಿರುವಾಗ, ಕಾನೂನು ಗಾಳವನ್ನು ತಡೆಯದಿದ್ದರೂ, ಸಂಘದವರು ತಾವಾಗಿಯೇ ಕೋಲುಗಳನ್ನು ಎತ್ತಿಡಬೇಕೆಂದು ನನ್ನ ಅಭಿಪ್ರಾಯ. ತಕ್ಕಡಿಯ ಜೊತೆಗೆ ಒಂದು ಅಳತೆಪಟ್ಟಿಯನ್ನೂ ಕೊಳ್ಳಲಿ, ಇಂತಿಷ್ಟು ಉದ್ದಕ್ಕಿಂತ ಸಣ್ಣ ಮೀನನ್ನು ನೀರಿಗೆ ಬಿಡಬೇಕೆಂದು ಮೊದಲ ಸಭೆಯಲ್ಲೇ ಬರೆದು ಸಹಿ ಹಾಕಲಿ. ಬಿಡುವಾಗ ಒಣ ಕೈಯಿಂದ ಮೀನನ್ನು ಹಿಡಿಯಬಾರದು, ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕೈ ಒದ್ದೆ ಮಾಡಿಕೊಂಡು, ಗಾಳವನ್ನು ಬಿಡಿಸಿ, ಅದು ತಾನಾಗಿ ಬಾಲ ಬೀಸುವವರೆಗೆ ನೀರಿನಲ್ಲೇ ಆನಿಸಿ ಹಿಡಿದಿರಬೇಕು.