ಹಾಸನ ಆರಿಸಿದರೆ ಕಳಸ ಬರುವುದೇಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ವೆಬ್ ಫಾರ್ಮ್

ಒಂದನ್ನು ಆರಿಸಿದರೆ ಅದಕ್ಕೆ ತಕ್ಕಂತೆ ಇನ್ನೊಂದು ತುಂಬಿಕೊಳ್ಳುವ ಡ್ರಾಪ್‌ಡೌನ್‌ಗಳ ಬಗ್ಗೆ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಡ್ರಾಪ್‌ಡೌನ್ ಮೂಡಿಸುವ ಸೆಲೆಕ್ಟ್ ಟ್ಯಾಗ್ ಬರೆಯುವುದು ಹೇಗೆ ಎಂಬಲ್ಲಿಂದ ಇಲ್ಲಿ ಶುರುಮಾಡುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬನ್ನಿ. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಕೇಳುವುದು ಸಕಲೇಶಪುರದ ಈ ಓದುಗರು ಕೇಳಿದ್ದನ್ನೇ.

ಪ್ರಶ್ನೆ: ಕಾಫಿ ಬೆಳೆಗಾರರ ನೋಂದಣಿಗೆ ಫಾರ್ಮ್ ಮಾಡಿದ್ದೇನೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಾಲ್ಕು ಡ್ರಾಪ್‌ಡೌನ್. ಚಿಕ್ಕಮಗಳೂರು ಆರಿಸಿ ತಕ್ಷಣ ಹಾಸನಕ್ಕೆ ಬದಲಿಸಿದರೆ ಕೆಲವು ಸಲ ತಾಲ್ಲೂಕಿನಲ್ಲಿ ಕಳಸ, ಕೊಪ್ಪ ಬರುತ್ತವೆ. ಉಳಿಸಿದ ಅರ್ಜಿಯನ್ನು ತಿದ್ದಲು ತೆರೆದರೆ ಜಿಲ್ಲೆ ಸರಿ, ಮಿಕ್ಕ ಮೂರೂ ಖಾಲಿ. ಎರಡು ಸೆಕೆಂಡಿನ ಸೆಟ್‌ಟೈಮ್‌ಔಟ್ (ಮುಂದಿನ ಕೋಡನ್ನು ಅಷ್ಟು ಹೊತ್ತು ತಡೆದು ಓಡಿಸುವುದು) ಹಾಕಿದ ಮೇಲೆ ಆಫೀಸಿನಲ್ಲಿ ಸರಿಹೋಯಿತು, ಹೆತ್ತೂರು ಕಡೆ ಮತ್ತೆ ಅದೇ ಕಥೆ.

ಉತ್ತರ: ಮೊದಲು ಆ ಸೆಟ್‌ಟೈಮ್‌ಔಟ್ ಕಿತ್ತು ಹಾಕಿ. ವಿಡಿಯೊಗಳಲ್ಲಿ ಅದನ್ನು ಮದ್ದೆಂದು ಹಂಚುವವರು ಅಳಲೆಕಾಯಿ ಪಂಡಿತರು. ಉತ್ತರ ಎರಡು ಸೆಕೆಂಡಿನೊಳಗೆ ಬಂದೇ ಬರುತ್ತದೆ ಎಂಬ ನಂಬಿಕೆಯೊಂದೇ ಅದರ ಆಧಾರ. ಆಫೀಸಿನ ವೈಫೈನಲ್ಲಿ ಆ ನಂಬಿಕೆ ನಿಲ್ಲುತ್ತದೆ, ಮಲೆನಾಡಿನ ಸಿಗ್ನಲ್‌ನಲ್ಲಿ ನಿಲ್ಲುವುದಿಲ್ಲ.

ಕಳಸ ಬರುವ ಕಾರಣ ಇದು. ಚಿಕ್ಕಮಗಳೂರಿನದೊಂದು, ಹಾಸನದ್ದೊಂದು, ಹೀಗೆ ಎರಡು ಕೋರಿಕೆ ಸರ್ವರ್‌ಗೆ ಹೋಗಿವೆ. ಹೋದ ಕ್ರಮದಲ್ಲೇ ಉತ್ತರ ಬರಬೇಕೆಂಬ ನಿಯಮವಿಲ್ಲ. ಹಾಸನದ್ದು ಮೊದಲು ಬಂದು ಪಟ್ಟಿ ತುಂಬಿತು, ತಡವಾಗಿ ಬಂದ ಚಿಕ್ಕಮಗಳೂರು ಅದನ್ನು ಅಳಿಸಿ ತನ್ನದನ್ನು ತುಂಬಿತು. ನಿಮ್ಮ ಕೋಡ್‌ ಯಾವುದು ಕೊನೆಗೆ ಬಂತೋ ಅದನ್ನು ನಂಬುತ್ತಿದೆ. ನಂಬಬೇಕಾದ್ದು ಯಾವುದನ್ನು ಕೊನೆಗೆ ಕೇಳಿದ್ದೋ ಅದನ್ನು.

ಪ್ರತಿ ಹಂತಕ್ಕೂ ಕೋರಿಕೆ ರದ್ದು ಮಾಡುವ ಒಂದು ಅಬಾರ್ಟ್‌ಕಂಟ್ರೋಲರ್ ಇಡಿ, ಅದರ ‘ಸಿಗ್ನಲ್’ ಅನ್ನು ಕೋರಿಕೆ ಕಳಿಸುವ ಫೆಚ್‌ಗೆ ಕೊಡಿ. ಜಿಲ್ಲೆ ಬದಲಾದೊಡನೆ ತಾಲ್ಲೂಕಿನದಷ್ಟೇ ಅಲ್ಲ, ಹೋಬಳಿ ಮತ್ತು ಗ್ರಾಮದ ಬಾಕಿ ಕೋರಿಕೆಗಳನ್ನೂ ರದ್ದು ಮಾಡಿ. ಇಷ್ಟು ಮಾಡಿದವರೂ ಎಡವುವ ಜಾಗ, ಕೋರಿಕೆ ಗೆದ್ದರೂ ಸೋತರೂ ಕೊನೆಗೆ ಓಡುವ ಫೈನಲಿ ಬ್ಲಾಕ್: ರದ್ದಾದ ಹಳೆಯ ಕೋರಿಕೆಯ ಫೈನಲಿ ಕೂಡ ಓಡುತ್ತದೆ, ಹೊಸ ಪಟ್ಟಿ ಬರುವ ಮೊದಲೇ ‘ಲೋಡ್ ಆಗುತ್ತಿದೆ’ ಎಂಬುದನ್ನು ತೆಗೆದು ಖಾಲಿ ಡ್ರಾಪ್‌ಡೌನ್ ತೆರೆದಿಡುತ್ತದೆ. ಆದ್ದರಿಂದ ಅಲ್ಲಿಯೂ, ಪಟ್ಟಿ ತುಂಬುವ ಮುನ್ನವೂ, ಕೇಳಿದಾಗಿನ ಜಿಲ್ಲೆಯ ಐಡಿಯೇ ಈಗಲೂ ಜಿಲ್ಲೆಯ ಸೆಲೆಕ್ಟ್‌ನಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಏನನ್ನೂ ಮುಟ್ಟದೆ ಹಿಂದಿರುಗಿ.

ಚೇಂಜ್ ಈವೆಂಟ್ (ಆಯ್ಕೆ ಬದಲಾಯಿತೆಂಬ ಬ್ರೌಸರಿನ ಸೂಚನೆ) ಬಂದಾಗ ಕೆಲಸದ ಕ್ರಮವೂ ಮುಖ್ಯ. ಸರ್ವರ್‌ಗೆ ಹೋಗುವ ಮೊದಲೇ ಕೆಳಗಿನ ಎಲ್ಲ ಹಂತಗಳನ್ನೂ ಖಾಲಿ ಮಾಡಿ, ಬರೀ ಪಕ್ಕದ್ದನ್ನಲ್ಲ. ತಾಲ್ಲೂಕು ಮಾತ್ರ ಅಳಿಸಿ ಗ್ರಾಮವನ್ನು ಹಾಗೇ ಬಿಟ್ಟರೆ ಹಾಸನ ಜಿಲ್ಲೆಯಲ್ಲಿ ಮೂಡಿಗೆರೆ ಕಡೆಯ ಗ್ರಾಮದ ಅರ್ಜಿ ಹುಟ್ಟುತ್ತದೆ. ಖಾಲಿ ಮಾಡಿದಲ್ಲಿ ‘ಆರಿಸಿ’ ಎಂಬ ಒಂದೇ ಆಯ್ಕೆ ಇರಲಿ, ಅದರ ವ್ಯಾಲ್ಯೂ ಖಾಲಿಯಾಗಿರಲಿ. ಸೊನ್ನೆ ಹಾಕಬೇಡಿ, ಖಾಲಿ ಬಿಡಬಾರದೆಂದು ಹೇಳುವ ರಿಕ್ವೈರ್ಡ್ ಅದನ್ನು ಉತ್ತರವೆಂದೇ ಎಣಿಸುತ್ತದೆ. ಆಮೇಲೆ ಫೆಚ್. 404, 500 ಬಂದರೂ ಫೆಚ್ ತಾನಾಗಿ ಎರರ್ ಎಸೆಯುವುದಿಲ್ಲ, ಉತ್ತರ ಸರಿಯಾಗಿ ಬಂತೇ ಎಂದು ಹೇಳುವ ರೆಸ್ಪಾನ್ಸ್‌ನ ‘ಓಕೆ’ಯನ್ನು ನೀವೇ ನೋಡಬೇಕು. ಸರಿಯಿಲ್ಲದಿದ್ದರೆ ‘ಮತ್ತೆ ಪ್ರಯತ್ನಿಸಿ’ ಎಂಬ ಬಟನ್ ಕೊಡಿ.

ಡಿಸೇಬಲ್ಡ್, ಅಂದರೆ ಮುಟ್ಟಲಾಗದಂತೆ ಮುಚ್ಚಿಟ್ಟ ಡ್ರಾಪ್‌ಡೌನ್‌ನ ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಡಿಸೇಬಲ್ಡ್ ಆದ ಸೆಲೆಕ್ಟ್‌ನ ವ್ಯಾಲ್ಯೂ ಸರ್ವರ್‌ಗೆ ಹೋಗುವುದೇ ಇಲ್ಲ. ಬ್ರೌಸರ್ ಅದರ ರಿಕ್ವೈರ್ಡ್ ತಪಾಸಣೆಯನ್ನೂ ಬಿಟ್ಟುಬಿಡುತ್ತದೆ. ಅಂದರೆ ತಾಲ್ಲೂಕಿನ ಪಟ್ಟಿ ಬರದೆ ಡಿಸೇಬಲ್ಡ್ ಆಗಿಯೇ ಉಳಿದರೆ, ತಾಲ್ಲೂಕಿಲ್ಲದ ಅರ್ಜಿ ಸದ್ದಿಲ್ಲದೆ ಒಳಗೆ ಬರುತ್ತದೆ. ಪಟ್ಟಿಗಳು ತುಂಬುವವರೆಗೆ ಸಲ್ಲಿಸುವ ಬಟನ್ ಕೂಡ ಮುಚ್ಚಿರಲಿ.

ಇನ್ನು ತಿದ್ದುವ ಪುಟ. ಆಯ್ಕೆಗಳೇ ಇಲ್ಲದ ಸೆಲೆಕ್ಟ್‌ಗೆ ವ್ಯಾಲ್ಯೂ ಕೊಟ್ಟರೆ ಅದು ನೆನಪಿಟ್ಟುಕೊಳ್ಳುವುದಿಲ್ಲ, ಖಾಲಿಯಾಗಿ ಕೂರುತ್ತದೆ. ಜೊತೆಗೆ ಸ್ಕ್ರಿಪ್ಟ್‌ನಿಂದ ವ್ಯಾಲ್ಯೂ ಬದಲಿಸಿದರೆ ಚೇಂಜ್ ಈವೆಂಟ್ ಹುಟ್ಟುವುದಿಲ್ಲ. ತಾಲ್ಲೂಕು ತುಂಬುವ ಫಂಕ್ಷನ್ ಪ್ರಾಮಿಸ್ (ಮುಂದೆ ಬರುವ ಉತ್ತರದ ಚೀಟಿ) ಹಿಂದಿರುಗಿಸಲಿ. ಅವೇಟ್ ಹಾಕಿ ಅದು ಮುಗಿಯುವವರೆಗೆ ಕಾದು, ತಾಲ್ಲೂಕಿನ ವ್ಯಾಲ್ಯೂ ಇಟ್ಟು, ಹೋಬಳಿಯ ಫಂಕ್ಷನ್ ಕರೆಯಿರಿ, ಹಾಗೇ ಗ್ರಾಮದವರೆಗೆ. ಕೆಲಸ ಆಗುತ್ತದೆ, ಆದರೆ ಒಂದರ ಹಿಂದೊಂದು ಮೂರು ಕೋರಿಕೆ. ನನ್ನನ್ನು ಕೇಳಿದರೆ ಇದೂ ಬೇಡ. ಉಳಿಸಿದ ಗ್ರಾಮ ಯಾವುದೆಂದು ಸರ್ವರ್‌ಗೆ ಗೊತ್ತೇ ಇದೆ, ನಾಲ್ಕೂ ಪಟ್ಟಿಗಳನ್ನು ಆರಿಸಿದ ಗುರುತಿನೊಂದಿಗೆ ಪುಟದಲ್ಲೇ ಕಳಿಸಲಿ. ಮೊಬೈಲ್ ನಂಬರ್ ತಪ್ಪೆಂದು ಫಾರ್ಮ್ ಹಿಂದಿರುಗಿಸುವಾಗಲೂ ಹೀಗೇ ಮಾಡಬೇಕು. ಒಂದು ಅಂಕಿ ತಪ್ಪಿದ್ದಕ್ಕೆ ಬೆಳೆಗಾರರು ಊರನ್ನು ಮತ್ತೆ ಹುಡುಕುವಂತೆ ಮಾಡುವುದು ಸೋಮಾರಿತನ.

ಅಸಲಿಗೆ ಅಷ್ಟು ಕೋರಿಕೆಗಳೇ ಬೇಕಿಲ್ಲ. ಹಾಸನಕ್ಕೆ ಎಂಟು ತಾಲ್ಲೂಕು. ಚಿಕ್ಕಮಗಳೂರಿಗೆ ಕಳಸ, ಅಜ್ಜಂಪುರ ಸೇರಿ ಒಂಬತ್ತು. ಎರಡೂ ಜಿಲ್ಲೆಯ ಹೋಬಳಿಗಳು ಸೇರಿದರೂ ನೂರು ದಾಟುವುದಿಲ್ಲ. ಇಷ್ಟನ್ನು ಜೇಸನ್ (ಮಾಹಿತಿ ಬರೆದಿಡುವ ಪಠ್ಯ ರೂಪ) ಆಗಿ ಪುಟದಲ್ಲೇ ಇಡಿ. ಗ್ರಾಮಗಳು ಸಾವಿರಗಟ್ಟಲೆ, ಅವನ್ನು ಮಾತ್ರ ಹೋಬಳಿ ಆರಿಸಿದ ಮೇಲೆ ತರಿಸಿ. ಆಗ ಸರ್ವರ್‌ಗೆ ಹೋಗುವುದು ಒಂದೇ ಕೋರಿಕೆ, ಕಾಯುವುದೂ ಒಂದೇ ಕಡೆ.

ಮತ್ತೆ, ಹೆಸರನ್ನು ಕೀ (ಸಾಲನ್ನು ಗುರುತಿಸುವ ಆಧಾರ) ಮಾಡಬೇಡಿ. ಹಾಸನ, ಬೇಲೂರು, ಸಕಲೇಶಪುರ, ಎಲ್ಲಿ ನೋಡಿದರೂ ಒಂದು ಕಸಬಾ ಹೋಬಳಿ. ‘ಕಸಬಾ’ ಎಂಬ ಹೆಸರಿನಿಂದ ಗ್ರಾಮ ಹುಡುಕಿದರೆ ಎಲ್ಲ ತಾಲ್ಲೂಕಿನ ಗ್ರಾಮಗಳೂ ಒಟ್ಟಿಗೆ ಸುರಿಯುತ್ತವೆ. ಅರಸೀಕೆರೆಯನ್ನು ಒಬ್ಬರು ದೀರ್ಘ ಹಾಕಿ ಬರೆದರೆ ಇನ್ನೊಬ್ಬರು ಹಾಕುವುದಿಲ್ಲ. ಹೊಳೆನರಸೀಪುರದ ‘ಹೊ’ಗೆ ಬರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡಾಗಿಯೂ ಇಡಬಹುದು, ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ ಬೇರೆ. ಐಡಿಯನ್ನೇ ಕಳಿಸಿ, ಐಡಿಯನ್ನೇ ಉಳಿಸಿ. ಗ್ರಾಮ ಕಡ್ಡಾಯವಾಗಿದ್ದರೆ ಗ್ರಾಮದ ಐಡಿ ಒಂದೇ ಸಾಕು, ಮೇಲಿನ ಮೂರು ಡೇಟಾಬೇಸ್‌ನ ಕೋಷ್ಟಕಗಳನ್ನು ಕೂಡಿಸುವ ಜಾಯಿನ್‌ನಿಂದ ಸಿಗುತ್ತವೆ. ಕಳಸ ಮೂಡಿಗೆರೆಯಿಂದ ಬೇರೆಯಾದಂಥ ಸಂದರ್ಭದಲ್ಲಿ ಹೋಬಳಿಯ ಸಾಲಿನಲ್ಲಿ ತಾಲ್ಲೂಕಿನ ಐಡಿ ತಿದ್ದಿದರೆ ಮುಗಿಯಿತು. ನಾಲ್ಕನ್ನೂ ಪ್ರತಿ ಅರ್ಜಿಯಲ್ಲಿ ಬರೆದಿಟ್ಟವರು ಹಳೆಯ ಅರ್ಜಿಗಳನ್ನೆಲ್ಲ ತಿದ್ದುತ್ತ ಕೂರಬೇಕು. ಕೊಟ್ಟುಬಿಟ್ಟ ರಸೀದಿ, ಪ್ರಮಾಣಪತ್ರಗಳಲ್ಲಿ ಮಾತ್ರ ಅಂದಿನ ವಿಳಾಸವೇ ಉಳಿಯಬೇಕು, ಅದಕ್ಕೆ ಪ್ರತ್ಯೇಕ ಪ್ರತಿ ಇಡಿ.

ಸರಿಯಾಯಿತೋ ಇಲ್ಲವೋ ನೋಡಲು ಹೆತ್ತೂರಿಗೆ ಹೋಗಬೇಕಿಲ್ಲ. ಜೇಸನ್‌ಗೆ ಸಾಗಿಸುವ ಮೊದಲು, ಸರ್ವರ್‌ನಲ್ಲಿ ಚಿಕ್ಕಮಗಳೂರಿನ ಉತ್ತರಕ್ಕೆ ಮಾತ್ರ ಮೂರು ಸೆಕೆಂಡು ತಡ ಹಾಕಿ, ಅದನ್ನು ಆರಿಸಿ ಕೂಡಲೇ ಹಾಸನಕ್ಕೆ ಬನ್ನಿ. ಐದು ಸೆಕೆಂಡಾದರೂ ಆಲೂರು, ಅರಕಲಗೂಡುಗಳೇ ಇದ್ದರೆ ಸರಿ. ಆಮೇಲೆ ಇದೇ ಪರೀಕ್ಷೆಯನ್ನು ಎರಡು ಹೋಬಳಿಗಳ ನಡುವೆ ಮಾಡಿ. ಕೊನೆಗೆ ಬೇರೆ ಪುಟಕ್ಕೆ ಹೋಗಿ ಬ್ಯಾಕ್ ಒತ್ತಿ: ಕೆಲವು ಬ್ರೌಸರ್‌ಗಳು ಹಳೆಯ ಜಿಲ್ಲೆಯನ್ನು ಚೇಂಜ್ ಈವೆಂಟ್ ಇಲ್ಲದೆಯೇ ಮರಳಿ ಕೂರಿಸುತ್ತವೆ. ಪುಟ ಕಾಣಿಸಿಕೊಂಡಾಗಲೆಲ್ಲ ಬರುವ ಪೇಜ್‌ಶೋ ಈವೆಂಟ್‌ನಲ್ಲಿ, ಜಿಲ್ಲೆಗೂ ಕೆಳಗಿನ ಪಟ್ಟಿಗಳಿಗೂ ಒಮ್ಮೆ ತಾಳೆ ನೋಡಿ.

ಡ್ರಾಪ್‌ಡೌನ್‌ನಲ್ಲಿ ಇದ್ದದ್ದನ್ನೇ ತಾನೇ ಆರಿಸುವುದು, ಸರ್ವರ್‌ನಲ್ಲಿ ಮತ್ತೆ ತಪಾಸಣೆ ಏಕೆ? (ಕಡೂರು)
ಎಫ್12 ಒತ್ತಿ ಪುಟದ ಕೋಡ್ ತೆರೆದು ಆಯ್ಕೆಯ ವ್ಯಾಲ್ಯೂ ಬದಲಿಸಲು ಅರ್ಧ ನಿಮಿಷ ಸಾಕು. ಐಡಿ ಇದೆಯೇ ಎಂದಷ್ಟೇ ನೋಡಿದರೂ ಸಾಲದು: ಈ ಗ್ರಾಮ ಈ ಹೋಬಳಿಯದೇ, ಈ ಹೋಬಳಿ ಈ ತಾಲ್ಲೂಕಿನದೇ ಎಂದು ನೋಡಿ, ಹೊಂದದಿದ್ದರೆ ತಿರಸ್ಕರಿಸಿ.

ಜೆಕ್ವೆರಿಯಲ್ಲಿ ಅಸಿಂಕ್ ಫಾಲ್ಸ್ (ಉತ್ತರ ಬರುವವರೆಗೆ ಮುಂದೆ ಹೋಗದಿರುವುದು) ಮಾಡಿದರೆ ಸಮಸ್ಯೆ ಹೋಗುತ್ತದಂತೆ? (ಚನ್ನರಾಯಪಟ್ಟಣ)
ಉತ್ತರ ಬರುವವರೆಗೆ ಇಡೀ ಪುಟ ಮರಗಟ್ಟುತ್ತದೆ. ಬೇಡ.

ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳಲ್ಲಿ ರಿಯಾಕ್ಟ್ ಒಳ್ಳೆಯದೋ ವ್ಯೂ ಒಳ್ಳೆಯದೋ? (ಹಾಸನ)
ಮೇಲಿನ ತಪ್ಪುಗಳನ್ನು ಎರಡರಲ್ಲೂ ಅಷ್ಟೇ ಸಲೀಸಾಗಿ ಮಾಡಬಹುದು.

ಎಲ್ಲ ತಾಲ್ಲೂಕುಗಳನ್ನೂ ಹಾಕಿ, ಬೇಡದ್ದನ್ನು ಸಿಎಸ್‌ಎಸ್‌ನಿಂದ ಅಡಗಿಸಿದರೆ? (ತರೀಕೆರೆ)
ಆಪ್ಷನ್ ಅಡಗಿಸುವುದನ್ನು ಐಫೋನಿನ ಸಫಾರಿಯಲ್ಲಿ ನೆಚ್ಚಲಾಗದು. ಅಡಗಿಸಬೇಡಿ, ತೆಗೆದು ಹಾಕಿ.

ಪಟ್ಟಿ ಕನ್ನಡ ಅಕ್ಷರಕ್ರಮದಲ್ಲಿ ಬರುತ್ತಿಲ್ಲ. (ಶೃಂಗೇರಿ)
ಜಾವಾಸ್ಕ್ರಿಪ್ಟ್‌ನ ಬರೀ ಸಾರ್ಟ್ ಯೂನಿಕೋಡ್ ಸಂಖ್ಯೆಯ ಮೇಲೆ ಜೋಡಿಸುತ್ತದೆ. ಭಾಷೆಗೆ ತಕ್ಕ ಕ್ರಮದಲ್ಲಿ ಹೋಲಿಸುವ ಇಂಟ್ಲ್ ಕೊಲೇಟರ್‌ಗೆ ಕನ್ನಡದ ಸಂಕೇತ ಕೊಟ್ಟು, ಅದರ ಕಂಪೇರನ್ನು ಸಾರ್ಟ್‌ಗೆ ಹಾಕಿ.

ಎಕ್ಸೆಲ್‌ನಲ್ಲಿ ಇದನ್ನೇ ಮಾಡುವುದು ಹೇಗೆ? (ಬೇಲೂರು)
ಡೇಟಾ ವ್ಯಾಲಿಡೇಶನ್‌ನಲ್ಲಿ ಇನ್‌ಡೈರೆಕ್ಟ್ ಎಂಬ ಸೂತ್ರ ಬಳಸಿ. ಆದರೆ ಅಲ್ಲಿ ತಾಲ್ಲೂಕು ಬದಲಿಸಿದರೂ ಪಕ್ಕದ ಕೋಶದ ಹಳೆಯ ಹೋಬಳಿ ಹಾಗೇ ಉಳಿಯುತ್ತದೆ, ನೀವೇ ಅಳಿಸಬೇಕು.