ಟಗರಿನ ಶಿಶ್ನದ ತುದಿಯಲ್ಲಿ ದಾರದಂಥದ್ದು ಕಾಣುತ್ತಿದೆ, ಇದು ಕಾಯಿಲೆಯಾ?

ಅಲ್ಲ, ಅದು ಹುಟ್ಟಿನಿಂದಲೇ ಇರುವುದು. 3-4 ಸೆಂ.ಮೀ. ಉದ್ದದ ಆ ಎಳೆ ಮೂತ್ರನಾಳದ ತುದಿ, ಹುಳ ಅಂತ ಕೀಳಬೇಡಿ. ಆದರೆ ಮೂತ್ರದ ಕಲ್ಲು ಸಿಕ್ಕಿಕೊಳ್ಳುವುದೂ ಜಾಸ್ತಿ ಅಲ್ಲೇ. ಬಕ್ರೀದ್‌ಗೆ ಅಂತ ಬರೀ ಮೆಕ್ಕೆಜೋಳ, ಬೂಸಾ ಹಾಕಿ ಕೊಬ್ಬಿಸುತ್ತೇವೆ ಅಲ್ವಾ, ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಜೊತೆಗೆ ನೀರೂ ಸರಿಯಾಗಿ ಕುಡಿಯದಿದ್ದರೆ ಮೂತ್ರದಲ್ಲಿ ಹರಳು ಕಟ್ಟುತ್ತದೆ.

ಕಲ್ಲು ಸಿಕ್ಕಿಕೊಂಡರೆ ಟಗರು ಬೆನ್ನು ಬಾಗಿಸಿ ತಿಣುಕುತ್ತದೆ, ಬಾಲ ಅಲ್ಲಾಡಿಸುತ್ತಲೇ ಇರುತ್ತದೆ, ಮೂತ್ರ ಹನಿ ಹನಿ ಬರುತ್ತದೆ. ಹೊಟ್ಟೆಯಡಿ ಮೂತ್ರ ಬರುವ ಜಾಗದ ಕೂದಲು ಮುಟ್ಟಿ ನೋಡಿ, ಸಣ್ಣ ಮರಳಿನ ಹಾಗೆ ಕೈಗೆ ಒರಟಾಗಿ ಸಿಗಬಹುದು. ಮಲಬದ್ಧತೆ ಅಂದುಕೊಂಡು ಸುಮ್ನೆ ಎಣ್ಣೆ ಕುಡಿಸುತ್ತಾ ಕಾಯಬೇಡಿ, ಮೂತ್ರಕೋಶ ಒಡೆದರೆ ಉಳಿಯುವುದು ಕಷ್ಟ. ತಕ್ಷಣ ಪಶುವೈದ್ಯರನ್ನು ಕರೆಸಿ. ಕಲ್ಲು ಆ ಎಳೆಯಲ್ಲೇ ಇದ್ದರೆ ಅವರು ಅದನ್ನು ಕತ್ತರಿಸಿ ದಾರಿ ಬಿಡಿಸುತ್ತಾರೆ.