ರಾತ್ರಿ ಎಂಟರ ಮೇಲೆ ಸರ್ವೇ ಜಿಪಿಎಸ್ ಯಾಕೆ ಕೈಕೊಡುತ್ತದೆ?

ಮಾರ್ಚ್ ತಿಂಗಳು, ಆಕಾಶ ಶುಭ್ರ, ಆಂಟೆನಾ ಹೊಸದು, ಆದರೂ ರಾತ್ರಿ ಎಂಟಾದರೆ ರಿಸೀವರ್ ಫಿಕ್ಸ್ (ನಿಖರ ಸ್ಥಾನದ ಲೆಕ್ಕ) ಬಿಡುತ್ತದೆ ಎಂದು ಕೇಳಿದ್ದೀರಿ. ಸದ್ಯಕ್ಕೆ ಇನ್ನೊಂದು ಆಂಟೆನಾಗೆ ದುಡ್ಡು ಸುರಿಯಬೇಡಿ. ಜಿಪಿಎಸ್ ಡೇಟಾ ನೋಡುವುದೇ ನನ್ನ ಕೆಲಸ. ತಿಂಗಳು, ಹೊತ್ತು ಎರಡನ್ನೂ ನೋಡಿದರೆ ನನಗೆ ಮೊದಲ ಅನುಮಾನ ಅಯಾನುಗೋಳದ, ಅಂದರೆ ವಿದ್ಯುತ್ ಕಣಗಳು ತುಂಬಿದ ಮೇಲಿನ ವಾತಾವರಣದ, ಪ್ಲಾಸ್ಮಾ ಗುಳ್ಳೆಗಳ ಮೇಲೆ.

ಹಗಲಿಡೀ ಬಿಸಿಲು ಮೇಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತಿರುತ್ತದೆ; ಹಾಗೆ ಆದ ವಿದ್ಯುತ್ ಕಣಗಳ ಗಾಳಿಯೇ ಪ್ಲಾಸ್ಮಾ. ಸೂರ್ಯ ಮುಳುಗಿದ್ದೇ ತಡ, 100 ಕಿ.ಮೀ. ಎತ್ತರದ ಪದರ ಬೇಗ ಖಾಲಿಯಾಗುತ್ತದೆ. 300 ಕಿ.ಮೀ. ಆಸುಪಾಸಿನ ಎಫ್ ಪದರ ಮಾತ್ರ ದಟ್ಟವಾಗಿಯೇ ಉಳಿಯುತ್ತದೆ. ಸಾಲದ್ದಕ್ಕೆ, ಸಂಜೆ ಸ್ವಲ್ಪ ಹೊತ್ತು ಜೋರಾಗುವ ವಿದ್ಯುತ್ ಕ್ಷೇತ್ರ ಅದನ್ನು ಇನ್ನೂ ಮೇಲಕ್ಕೆತ್ತುತ್ತದೆ. ಎಣ್ಣೆಯ ಮೇಲೆ ನೀರು ನಿಲ್ಲಿಸಿದ ಹಾಗೆ, ಅಲ್ವಾ? ಸಣ್ಣ ಅಲುಗಾಟ ಸಾಕು, ಕೆಳಗಿನ ತೆಳು ಪ್ಲಾಸ್ಮಾ ಗುಳ್ಳೆಯಾಗಿ ಮೇಲೇರುತ್ತದೆ, ಕೆಲವೊಮ್ಮೆ 1000 ಕಿ.ಮೀ. ದಾಟಿ. ಗುಳ್ಳೆ ಅಂದರೂ ದುಂಡಗಿರುವುದಿಲ್ಲ, ಭೂಮಿಯ ಕಾಂತರೇಖೆಗಳ ಗುಂಟ ಉತ್ತರ ದಕ್ಷಿಣಕ್ಕೆ ಉದ್ದಕ್ಕೆ ಚಾಚಿರುತ್ತದೆ. ಅದಕ್ಕೇ, ಗುಳ್ಳೆಗಳು ಹುಟ್ಟುವ ಕಾಂತೀಯ ಸಮಭಾಜಕ ರೇಖೆ ದೇಶದ ದಕ್ಷಿಣ ತುದಿಯಲ್ಲಿ ಹಾದುಹೋದರೂ ಕರ್ನಾಟಕದವರಿಗೂ ಈ ಕಾಟ ತಪ್ಪಿದ್ದಲ್ಲ. ತಿರುವನಂತಪುರದ ಪಕ್ಕದ ತುಂಬಾದಿಂದ 1963ರಲ್ಲಿ ರಾಕೆಟ್ ಹಾರಿಸಲು ಶುರುಮಾಡಿದ್ದೂ ಆ ರೇಖೆ ಹತ್ತಿರವಿದೆ ಅಂತಲೇ.

ಇದು ಹೊಸ ವಿಷಯವೇನಲ್ಲ. ಪೆರು ದೇಶದ ಹುವಾಂಕಾಯೊದಲ್ಲಿ ರಾತ್ರಿಯ ರೇಡಿಯೋ ಪ್ರತಿಧ್ವನಿಗಳು ಚದುರಿ ಬರುವುದನ್ನು ವಿಜ್ಞಾನಿಗಳಾದ ಬುಕರ್ ಮತ್ತು ವೆಲ್ಸ್ 1938ರಲ್ಲೇ ಬರೆದಿದ್ದರು.

ಜಿಪಿಎಸ್‌ಗೆ ಏಟು ಕೊಡುವುದು ಗುಳ್ಳೆಯೊಳಗಿನ ಕೆಲವು ನೂರು ಮೀಟರ್ ಅಳತೆಯ ಎಲೆಕ್ಟ್ರಾನ್ ದಟ್ಟಣೆಯ ಏರಿಳಿತಗಳು. ಲಾಗ್ ಫೈಲ್ ತೆರೆದು ಒಂದೊಂದೇ ಉಪಗ್ರಹದ ಸಿಗ್ನಲ್ ಗ್ರಾಫ್ ನೋಡಿ. ಮರ, ಕಟ್ಟಡ ಅಡ್ಡ ಬಂದಿದ್ದರೆ ದಿಗಂತದ ಹತ್ತಿರದ ಉಪಗ್ರಹಗಳು ಮೊದಲು ಹೋಗುತ್ತವೆ. ಗುಳ್ಳೆಯಾದರೆ ನೆತ್ತಿಯ ಮೇಲಿನದೇ 45 ಡಿಬಿ-ಹರ್ಟ್ಸ್‌ನಲ್ಲಿ (ಸಿಗ್ನಲ್ ಬಲದ ಅಳತೆ) ಇದ್ದದ್ದು ಕೆಲವೇ ಸೆಕೆಂಡಿನಲ್ಲಿ 30ಕ್ಕೆ ಬಿದ್ದು, ಎದ್ದು, ಮತ್ತೆ ಬೀಳುತ್ತದೆ. ಇನ್ನೊಂದು ದಿಕ್ಕಿನದು ಆರಾಮಾಗಿರುತ್ತದೆ. ಗುಳ್ಳೆಗಳು ಸೆಕೆಂಡಿಗೆ ನೂರು ಮೀಟರ್ ಆಸುಪಾಸಿನ ವೇಗದಲ್ಲಿ ಪೂರ್ವಕ್ಕೆ ಸರಿಯುವುದರಿಂದ ತೊಂದರೆಯೂ ನಿಧಾನಕ್ಕೆ ಆ ಕಡೆಯ ಉಪಗ್ರಹಗಳಿಗೆ ದಾಟುತ್ತದೆ.

ಎರಡು ಫ್ರೀಕ್ವೆನ್ಸಿ ರಿಸೀವರ್ ತಗೊಳ್ಳಿ, ಸರಿಹೋಗುತ್ತೆ ಅಂತ ಯಾರಾದರೂ ಹೇಳಬಹುದು. ಅದು ಸಿಗ್ನಲ್ ತಡವಾಗಿ ಬರುವುದನ್ನು ಸರಿಮಾಡುತ್ತದೆ, ಸಿಗ್ನಲ್ಲೇ ಕಡಿದುಹೋದರೆ ಸುಮ್ನೆ ಕೂರುತ್ತದೆ. ಗ್ಲೋನಾಸ್, ಗೆಲಿಲಿಯೋದಂಥ ಬೇರೆ ಉಪಗ್ರಹ ವ್ಯವಸ್ಥೆಗಳನ್ನೂ ಆನ್ ಮಾಡಿಟ್ಟರೆ ಒಂದಷ್ಟು ಉಪಯೋಗ ಆದೀತು. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗುಳ್ಳೆ ಜಾಸ್ತಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಂತೂ ಹೇಳುವುದೇ ಬೇಡ. ಆ ತಿಂಗಳುಗಳಲ್ಲಿ ಮುಖ್ಯ ಪಾಯಿಂಟ್‌ಗಳನ್ನು ಸಂಜೆ ಆರರೊಳಗೆ ಮುಗಿಸಿ, ಉಳಿದದ್ದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ.